ಗಂಡನಿಗೆ ವಿವರಿಸಲಾಗಿದೆ

"ಇದು ನಿಮಗೆ ಗೊತ್ತಿರಲೇಬೇಕಲ್ಲ?" ಎಂದು ಡಾಕ್ಟರಮ್ಮ ಹಳೆಯ ಫೈಲನ್ನು ಅವಳತ್ತ ತಿರುಗಿಸಿದರು.

ಅವಳಿಗೆ ಗೊತ್ತಿರಲಿಲ್ಲ. ಮಗುವಿಗಾಗಿ ಮೂರು ವರ್ಷದಿಂದ ತಿಂಗಳು ತಿಂಗಳೂ ದಿನ ಎಣಿಸಿದ್ದಳು, ಮಾತ್ರೆ ನುಂಗಿದ್ದಳು, ಸೂಜಿ ಚುಚ್ಚಿಸಿಕೊಂಡಿದ್ದಳು. ಈ ಹೊಸ ಡಾಕ್ಟರಮ್ಮ ಕರುಳಿನ ಆಪರೇಷನ್ನಿನ ಕಾಗದ ನೋಡದೆ ಮುಂದುವರಿಯುವುದಿಲ್ಲ ಎಂದಿದ್ದರಿಂದ, ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಎರಡು ಸಲ ಅಲೆದು ಫೈಲಿನ ಪ್ರತಿ ತಂದಿದ್ದಳು. ಎರಡೂ ಗರ್ಭನಾಳಗಳು ಅಂಟಿಕೊಂಡು ಮುಚ್ಚಿಹೋಗಿವೆ ಎಂದು ಹೊಸ ಎಕ್ಸ್‌ರೇ ಹೇಳುತ್ತಿತ್ತು.

ಐದು ವರ್ಷದ ಹಿಂದೆ ಅವಳ ದೊಡ್ಡ ಕರುಳಿನ ತುಂಬ ಹುಣ್ಣಾಗಿ, ದಿನಕ್ಕೆ ಇಪ್ಪತ್ತು ಸಲ ರಕ್ತ ಹೋಗುತ್ತಿತ್ತು. ಔಷಧಿ ನಾಟದೆ ಹೋದಾಗ ಜೀವ ಉಳಿಸಲು ಆ ಕರುಳನ್ನೇ ತೆಗೆದು, ಮಲ ಸೇರಲು ಹೊಟ್ಟೆಯ ಮೇಲೊಂದು ಚೀಲ ಅಂಟಿಸಿದರು. ಆರು ತಿಂಗಳಾದ ಮೇಲೆ ಎರಡನೇ ಆಪರೇಷನ್ನು. ಸಣ್ಣ ಕರುಳಿನ ತುದಿಯನ್ನೇ ಮಡಚಿ ಒಳಗೇ ಒಂದು ಸಂಚಿ ಮಾಡಿದರು. ಹೊರಗಿನ ಚೀಲ ಹೋಯಿತು. ನಾಳಗಳು ಅಂಟಿಕೊಂಡದ್ದು ಆ ಎರಡನೆಯದರಿಂದ.

ಡಾಕ್ಟರಮ್ಮ ಫೈಲಿನಲ್ಲಿದ್ದ ಇಂಗ್ಲಿಷಿನ ನಾಲ್ಕು ಸಾಲನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದರು. "ಎರಡನೇದಕ್ಕೆ ಅವಸರ ಇಲ್ಲ. ಇದರಿಂದ ಗರ್ಭ ನಿಲ್ಲೋದು ಕಷ್ಟ ಆಗಬಹುದು. ಬೇಕಿದ್ರೆ ಮಗು ಆದಮೇಲೆ ಮಾಡಬಹುದು. ಹಾಗಂತ ಗಂಡನಿಗೆ ವಿವರಿಸಲಾಗಿದೆ. ಬೇಗ ಮುಗಿಸಿಬಿಡಿ ಅಂತ ಗಂಡ ಕೇಳಿಕೊಂಡಿದ್ದಾರೆ."

"ನನಗೆ ವಿವರಿಸಿದ್ದು ಎಲ್ಲಿದೆ?"

ಡಾಕ್ಟರಮ್ಮ ಹಾಳೆ ತಿರುವಿದರು, ಮತ್ತೆ ತಿರುವಿದರು. ಕೊನೆಗೆ ಸಿಕ್ಕಿದ್ದು ಒಂದು ಅಚ್ಚಾದ ಒಪ್ಪಿಗೆ ಫಾರಂ, ಅದರ ಕೆಳಗೆ ಅವಳ ಸಹಿ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಹನ್ನೊಂದಕ್ಕೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಪಾಠವಿತ್ತು. ಇವತ್ತು ಮೈದಾನ ಬೇಡ, ಪೇಟೆಗೆ ಹೋಗೋಣ ಎಂದು ಅವರನ್ನೇ ಸ್ಟೀರಿಂಗಿಗೆ ಕೂರಿಸಿದಳು. ಒಳಗೆ ಬೆಂಕಿ ಬಿದ್ದವಳನ್ನು ಪಕ್ಕದಲ್ಲಿಟ್ಟುಕೊಂಡು ಅವರು ಸೈಕಲ್ಲುಗಳಿಗೆಲ್ಲ ದಾರಿ ಬಿಡುತ್ತ ಆಮೆಯಂತೆ ಸಾಗಿದರು. ಎರಡು ಸಲ ಅವಳು ತನ್ನ ಕಡೆಯ ಬ್ರೇಕನ್ನು ಕಾರಣವಿಲ್ಲದೆ ಒತ್ತಿದಳು. "ನಾನೇನಮ್ಮ ತಪ್ಪು ಮಾಡ್ದೆ?" ಎಂದು ಅವರು ಕೇಳಿದರು. ನೀವೇನೂ ಮಾಡಿಲ್ಲ ಎಂದು ಹೇಳಿ, ಕನ್ನಡಕದ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದಳು.

ಅದು ಅವಳ ಗಂಡನ ಅಂಗಡಿ. ಅವನು ಮುದುಕರೊಬ್ಬರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಕೆಳಗಿನ ಸಾಲು ಓದಿಸುತ್ತಿದ್ದ. ಅವಳು ಫೈಲನ್ನು ಗಾಜಿನ ಕೌಂಟರಿನ ಮೇಲಿಟ್ಟು ಆ ಹಾಳೆ ತೆರೆದಳು. ಅವನು ಓದಲಿಲ್ಲ. ಓದುವ ಅಗತ್ಯ ಅವನಿಗಿರಲಿಲ್ಲವೆಂದು ಅವನ ಮುಖವೇ ಹೇಳಿತು.

"ನಿಂಗೆ ಗೊತ್ತಿತ್ತು," ಎಂದಳು. ಎಂಟು ವರ್ಷದ ದಾಂಪತ್ಯದಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅವನು ದನಿ ತಗ್ಗಿಸಿದ. "ಆ ಚೀಲ ಕಟ್ಕೊಂಡು ನೀನು ಎಷ್ಟು ಅಳ್ತಿದ್ದೆ. ನಿನ್ನ ಸಂಕಟ ನೋಡಲಾರದೆ..."

"ನಾನು ಅತ್ತಿದ್ದು ಎರಡು ತಿಂಗಳು. ಮೂರನೇ ತಿಂಗಳು ಕಾರು ಹತ್ತಿದೆ. ಚೀಲ ಕಟ್ಕೊಂಡೇ ಹದಿನೇಳು ಜನಕ್ಕೆ ಲೈಸೆನ್ಸ್ ಕೊಡಿಸ್ದೆ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಿದ್ದೋನು ನೀನು. ಊಟದ ಹೊತ್ತಲ್ಲಿ ಅದು ಗುಳುಗುಳು ಅಂದ್ರೆ ಟಿವಿ ಸೌಂಡು ಜಾಸ್ತಿ ಮಾಡ್ತಿದ್ದೋನು ನೀನು."

ಅವನು ಕೈಯಲ್ಲಿದ್ದ ಗಾಜನ್ನು ಒರೆಸಿದ, ಮತ್ತೆ ಒರೆಸಿದ. "ನನ್ನ ಕೈಲಿ ಅದನ್ನ ನೋಡೋಕಾಗ್ತಿರ್ಲಿಲ್ಲ," ಎಂದ ಕೊನೆಗೆ.

ಚೌಕಟ್ಟು ಹೊತ್ತು ಕೂತಿದ್ದ ಮುದುಕರು, ನಾನು ಆಮೇಲೆ ಬರಲಾ ಎಂದು ಮೆಲ್ಲಗೆ ಕೇಳಿದರು.

ಕಾರಿನ ಕುಲುಕಾಟಕ್ಕೇ ಬಸಿರು ನಿಲ್ಲುತ್ತಿಲ್ಲ, ಕೆಲಸ ಬಿಡು ಎಂದು ಮೂರು ವರ್ಷದಿಂದ ಅತ್ತೆ ಹೇಳುತ್ತಲೇ ಇದ್ದರು. ಆಗೆಲ್ಲ ಇವನು ತಟ್ಟೆ ನೋಡಿಕೊಂಡು ಕೂತಿರುತ್ತಿದ್ದ. ನಿನ್ನಮ್ಮನಿಗೆ ಈಗಲೇ ಫೋನ್ ಮಾಡಿ ಹೇಳು ಎಂದಳು. ಅವನು ಸಂಜೆ ಮಾಡುತ್ತೇನೆಂದ. ಅವಳು ಕದಲಲಿಲ್ಲ. ಅವನು ಫೋನೆತ್ತಿ, ಮೂರು ಸಲ ತಡವರಿಸಿ, ಎಲ್ಲವನ್ನೂ ಹೇಳಿದ. ಆಮೇಲೆ ಅತ್ತೆ, ಅವಳ ಕೈಗೆ ಕೊಡೋ ಎಂದದ್ದು ಅವಳಿಗೂ ಕೇಳಿಸಿತು. ಅವಳು ಫೋನು ತೆಗೆದುಕೊಳ್ಳದೆ ಹೊರಗೆ ನಡೆದಳು. ಅತ್ತೆಯನ್ನು ಸಮಾಧಾನಪಡಿಸುವ ಕೆಲಸವೂ ತನ್ನ ತಲೆಗೇ ಬರುವುದು ಅವಳಿಗೆ ಬೇಡವಾಗಿತ್ತು.

ಆ ವಾರವೇ ಆಸ್ಪತ್ರೆಗೆ ಎರಡು ಪುಟದ ಪತ್ರ ಬರೆದಳು. ನಾನು ಆಗ ಎಚ್ಚರವಾಗಿದ್ದೆ, ನನ್ನ ಕಿವಿ ಸರಿಯಾಗಿತ್ತು, ಕಾರಿಡಾರಿನಲ್ಲಿ ನಿಂತು ನನ್ನ ಗಂಡನಿಗೆ ಹೇಳಿದ್ದನ್ನು ಹತ್ತು ಹೆಜ್ಜೆ ಒಳಗೆ ಬಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಳು. ಸರ್ಜನ್ ನಿವೃತ್ತರಾಗಿದ್ದಾರೆ, ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ ಎಂದು ಮೂರು ಸಾಲಿನ ಉತ್ತರ ಬಂತು. ಬೇಸರ ಎಂಬ ಪದಕ್ಕೆ ಅವಳು ಪೆನ್ನಿನಿಂದ ಗೀಟು ಹಾಕಿ, ಕಾಗದ ಹರಿದುಹೋಗುವ ತನಕ ಅದನ್ನೇ ತಿದ್ದಿದಳು.

ಅವನು ಹಾಲಿನಲ್ಲಿ ಮಲಗತೊಡಗಿದ. ಎರಡು ತಿಂಗಳು ಮನೆಯಲ್ಲಿ ಬೇಕಾದಷ್ಟೇ ಮಾತು. ಅಂಡವನ್ನು ಹೊರತೆಗೆದು, ಹೊರಗೇ ಭ್ರೂಣ ಮಾಡಿ ಗರ್ಭದಲ್ಲಿಡುವ ದಾರಿ ಒಂದು ಉಳಿದಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವಳಿಗೆ ಮೂವತ್ತೇಳು, ಸಿಟ್ಟು ಇಳಿಯಲಿ ಎಂದು ಕಾಯುವಷ್ಟು ವ್ಯವಧಾನ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಅಂಗಡಿಗೆ ಹೊರಟಾಗ ಬಾಗಿಲಲ್ಲಿ ತಡೆದಳು. "ಮಗು ಬೇಕು ಅಂತ ತೀರ್ಮಾನ ಮಾಡಿದೀನಿ. ನಿನ್ನ ವಿಷಯ ಇನ್ನೂ ಮಾಡಿಲ್ಲ. ಬರ್ತೀಯಾ?"

ಬರುತ್ತೇನೆ ಎಂದ.

ಮೊದಲ ಸಲ ಗರ್ಭ ನಿಲ್ಲಲಿಲ್ಲ. ಅವಳು ಬಾತ್‌ರೂಮಿನಲ್ಲಿ ಬಕೆಟ್ಟನ್ನು ಒದ್ದು ಸೀಳಿದಳು. ಮರುದಿನ ಏಳಕ್ಕೆ ಪಾಠಕ್ಕೆ ಹೋದಳು. ಎರಡನೇ ಸಲ, ಐದು ತಿಂಗಳ ನಂತರ, ಭ್ರೂಣ ಇಡುವ ದಿನ ನರ್ಸು ಹೊಟ್ಟೆ ತುಂಬ ನೀರು ಕುಡಿಸಿ ಮಲಗಿಸಿ, ಮುಗಿಯುವ ತನಕ ಎದ್ದುಹೋಗುವಂತಿಲ್ಲ ಎಂದು ತಾಕೀತು ಮಾಡಿದಳು. ಕರುಳಿನ ಸಂಚಿ ಪದೇಪದೇ ಅವಸರ ಮಾಡುವುದರಿಂದ ಊರಿನ ಪ್ರತಿ ರಸ್ತೆಯ ಟಾಯ್ಲೆಟ್ ಎಲ್ಲಿದೆಯೆಂದು ಬಾಯಿಪಾಠ ಇರುವವಳಿಗೆ ಈ ಮಾತು ಹೇಳುತ್ತಾಳಲ್ಲ ಎಂದು ಅವಳಿಗೆ ಮೈ ಉರಿಯಿತು, ನಗುವೂ ಬಂತು.

ಅವನು ಮಂಚದ ತಲೆಯ ಬಳಿ ನಿಂತಿದ್ದ. ಅಂಚಿನ ಮೇಲಿಟ್ಟ ಅವನ ಕೈಯನ್ನು ಅವಳು ಹಿಡಿಯಲೂ ಇಲ್ಲ, ಸರಿಸಲೂ ಇಲ್ಲ. ಡಾಕ್ಟರಮ್ಮ ದೀಪ ತಗ್ಗಿಸಲು ಹೇಳಿದರು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದ.

"ಹಾಕ್ಕೋ," ಎಂದಳು ಅವಳು. "ನೋಡು."

ಸ್ಕ್ಯಾನಿನ ಕಪ್ಪು ತೆರೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಯೊಂದು ಮೆಲ್ಲನೆ ಜಾರಿ ಬಂದು, ನಿಂತಿತು.