ಪತ್ತೆಯಾಗಿರುವುದಿಲ್ಲ

ಕಚೇರಿಯಲ್ಲಿ ನನಗೆ ಉದ್ಭವಮೂರ್ತಿ ಎಂದು ಹೆಸರಿಟ್ಟಿದ್ದರು. ಇಟ್ಟವನು ಪಕ್ಕದ ಮೇಜಿನ ಟೈಪಿಸ್ಟ್. ಕೆಲಸದಲ್ಲಿ ಮೈಗಳ್ಳ, ಹೆಸರಿಡುವುದರಲ್ಲಿ ಮಾತ್ರ ನಿಸ್ಸೀಮ. ಹೆಸರಿಗೆ ಕಾರಣವೂ ಇತ್ತು. ಸದನದಲ್ಲಿ ಸದಸ್ಯರು ಕೇಳುವ ಪ್ರಶ್ನೆಗಳಿಗೆ ನಮ್ಮ ಕಾರ್ಮಿಕ ಇಲಾಖೆಯ ಮಂತ್ರಿಗಳು ಎದ್ದು ಓದುತ್ತಾರಲ್ಲ, ಆ ಉತ್ತರಗಳನ್ನು ಬರೆಯುವುದು ನನ್ನ ಕೆಲಸ. ಪ್ರಶ್ನೆ ಯಾವಾಗಲೂ ತುಂಡುತುಂಡಾಗಿ ಬರುತ್ತದೆ. (ಅ) ಇಂಥದ್ದು ನಡೆದಿರುವುದು ನಿಜವೇ? (ಆ) ನಿಜವಾದರೆ ಯಾರು ಹೊಣೆ? (ಇ) ಕೈಗೊಂಡ ಕ್ರಮವೇನು? ಕೆಲಸದ ಗುಟ್ಟೆಲ್ಲ (ಅ) ದಲ್ಲಿದೆ. ಅದಕ್ಕೆ ಹೇಗಾದರೂ 'ಇಲ್ಲ' ಎನ್ನುವ ದಾರಿ ಹುಡುಕಿಕೊಂಡರೆ, ಉಳಿದ ಎರಡಕ್ಕೂ 'ಉದ್ಭವಿಸುವುದಿಲ್ಲ' ಎಂದು ಬರೆದು ಕೈತೊಳೆದುಕೊಳ್ಳಬಹುದು. ಆ ದಾರಿ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಆ ಕಟ್ಟಡದ ಆರು ಮಹಡಿಗಳಲ್ಲೂ ಇರಲಿಲ್ಲ.

ಸುಳ್ಳು ಬರೆಯುತ್ತಿದ್ದೆ ಎಂದುಕೊಳ್ಳಬೇಡಿ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು ಬರೆದವನಲ್ಲ ನಾನು. ಸುಳ್ಳು ಬರೆಯುವವರು ದಡ್ಡರು, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಾರೆ. ನಾನು ನಿಜವನ್ನೇ, ಎಷ್ಟು ಬೇಕೋ ಅಷ್ಟೇ ಕತ್ತರಿಸಿ ಕೊಡುತ್ತಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗ ಆ ಹೆಮ್ಮೆ ನೆನಪಾದರೆ ಊಟ ಸೇರುವುದಿಲ್ಲ.

ನನಗೆ ಸರಿಸಾಟಿ ಎಂದರೆ ಎದುರು ಪಕ್ಷದಲ್ಲಿದ್ದ ಒಬ್ಬ ಹೆಂಗಸು. ಮೂವತ್ತು ವರ್ಷ ಲೆಕ್ಕದ ಪಾಠ ಮಾಡಿ, ಆಮೇಲೆ ಚುನಾವಣೆಗೆ ನಿಂತು ಗೆದ್ದವರು. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಬೇರೆ ಸದಸ್ಯರು ಮೇಜು ಗುದ್ದಿ ಕೂಗಾಡಿ ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂದರೆ ಸಾಕೆಂದು ಮನೆಗೆ ಹೋಗುವವರು. ಈಕೆ ದನಿ ಎತ್ತಿದ್ದೇ ಇಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಉತ್ತರದ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತ, ಯಾವ ಸಾಲು ಪೊಳ್ಳಾಗಿದೆಯೋ ಅಲ್ಲೇ ನಿಲ್ಲಿಸುತ್ತಿದ್ದರು. ಅವರ ಪ್ರಶ್ನೆ ಬಂತೆಂದರೆ ನಮ್ಮ ದೊಡ್ಡ ಸಾಹೇಬರು ಅದನ್ನು ಬೇರೆ ಯಾರ ಮೇಜಿಗೂ ಕಳಿಸುತ್ತಿರಲಿಲ್ಲ.

ಆ ಸಲ ಬಂದ ಪ್ರಶ್ನೆ ಅವರದೇ ಕ್ಷೇತ್ರದ ಕಲ್ಲು ಕೊಯ್ಯುವ ಕಾರ್ಖಾನೆಗಳ ಬಗ್ಗೆ. ಕಳೆದ ಮೂರು ವರ್ಷಗಳಲ್ಲಿ ಅಲ್ಲಿನ ಎಷ್ಟು ಕೆಲಸಗಾರರಿಗೆ ಕಲ್ಲಿನ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬಂದಿರುವುದು ಪತ್ತೆಯಾಗಿದೆ? ಪತ್ತೆಯಾಗಿದ್ದರೆ ಅವರ ಚಿಕಿತ್ಸೆಗೆ ಏನು ಮಾಡಲಾಗಿದೆ? ಕೆಳಗಿನ ಕಚೇರಿಯವರು ಕಳಿಸಿದ ವರದಿ ಪ್ರಾಮಾಣಿಕವಾಗಿತ್ತು: 'ಎದೆಯ ಎಕ್ಸ್-ರೇ ತೆಗೆಯುವ ವಾಹನ ಕೆಟ್ಟು ನಿಂತಿರುವುದರಿಂದ ಮೂರು ವರ್ಷಗಳಿಂದ ಯಾರನ್ನೂ ಪರೀಕ್ಷಿಸಿಲ್ಲ. ಆದ್ದರಿಂದ ಯಾವ ಪ್ರಕರಣವೂ ಪತ್ತೆಯಾಗಿರುವುದಿಲ್ಲ.'

ಆ ವಾಹನ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಚೇರಿಯ ಹಿಂದೆಯೇ, ಚಕ್ರ ಬಿಚ್ಚಿ ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದರು. ಒಳಗೆ ಪಾರಿವಾಳಗಳ ಸಂಸಾರ. ಮಧ್ಯಾಹ್ನ ಅದರ ನೆರಳು ಚೆನ್ನಾಗಿ ಬೀಳುತ್ತದೆಂದು ನಾನು ಸ್ಕೂಟರ್ ಅಲ್ಲೇ ನಿಲ್ಲಿಸುತ್ತಿದ್ದೆ.

ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಹೊಡೆದುಹಾಕಿದೆ. ಉಳಿದದ್ದು ಇಷ್ಟು: (ಅ) ಯಾವ ಪ್ರಕರಣವೂ ಪತ್ತೆಯಾಗಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ.

ಸಾಹೇಬರು ಓದಿ ಬೆನ್ನು ತಟ್ಟಿದರು. "ಎಷ್ಟು ಚಿಕ್ಕದಾಗಿದೆ ನೋಡಿ, ಹಿಡಿಯೋಕೆ ಬಾಲವೇ ಇಲ್ಲ."

ಆ ಉತ್ತರ ಸದನದಲ್ಲಿ ಓದಬೇಕಾದ ದಿನ ನಾನು ಅಧಿಕಾರಿಗಳ ಸಾಲಿನಲ್ಲಿ ಚೀಟಿಗಳನ್ನು ಹಿಡಿದು ಕೂತಿದ್ದೆ. ಉಪಪ್ರಶ್ನೆ ಬಂದರೆ ಮಂತ್ರಿಗಳಿಗೆ ತಲುಪಿಸಬೇಕಾದ ಚೀಟಿಗಳು. ಟೀಚರಮ್ಮ ಎದ್ದರು. ಪೆನ್ಸಿಲ್ ಹಾಳೆಯ ಮೇಲೆ ಒಮ್ಮೆ ಮಾತ್ರ ಆಡಿತು.

"ಪತ್ತೆಯಾಗಿಲ್ಲ ಅಂದ್ರಿ. ಸಂತೋಷ. ಎಷ್ಟು ಜನರನ್ನ ಪರೀಕ್ಷೆ ಮಾಡಿ ನೋಡಿದ್ರಿ?"

ಮಂತ್ರಿಗಳು ನನ್ನತ್ತ ತಿರುಗಿದರು. ಆ ಚೀಟಿಯೂ ನನ್ನ ಬಳಿ ಸಿದ್ಧವಿತ್ತು: 'ಇದಕ್ಕೆ ಮಾನ್ಯ ಸದಸ್ಯರು ಪ್ರತ್ಯೇಕ ಪ್ರಶ್ನೆ ಕೊಟ್ಟಲ್ಲಿ ಉತ್ತರಿಸಲಾಗುವುದು.' ಮಂತ್ರಿಗಳು ಓದಿದರು. ಗಂಟೆ ಹೊಡೆಯಿತು, ಪ್ರಶ್ನೋತ್ತರ ಮುಗಿಯಿತು. ಟೀಚರಮ್ಮ ಕೂರುವ ಮೊದಲು ಕನ್ನಡಕದ ಮೇಲಿನಿಂದ ನಮ್ಮ ಸಾಲಿನ ಕಡೆ ನೋಡಿದರು. ನಕಲು ಹೊಡೆದ ಹುಡುಗ ಯಾರೆಂದು ಗೊತ್ತಿದ್ದೂ ಹೆಸರು ಹೇಳದ ಮೇಷ್ಟರ ನೋಟ ಅದು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನನ್ನ ಅಕ್ಕನ ಗಂಡ ಅದೇ ಕಲ್ಲು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷದಿಂದ ಗರಗಸದ ಮುಂದೆ ನಿಂತವನು. ಅಪ್ಪ ಇಲ್ಲದ ನನ್ನನ್ನು ಸಾಕಿ ಓದಿಸಿದವನು. ನಾನು ಟೈಪಿಂಗ್ ಕಲಿಯಬೇಕು ಅಂದಾಗ ಗುಜರಿಯಿಂದ ಒಂದು ಹಳೆಯ ಟೈಪ್‌ರೈಟರ್ ಹೊತ್ತು ತಂದು, ಮುರಿದಿದ್ದ ಕೀಲಿಗಳನ್ನು ತಾನೇ ತಂತಿ ಕಟ್ಟಿ ಕೂರಿಸಿಕೊಟ್ಟಿದ್ದ. ಪರೀಕ್ಷೆಯ ದಿನ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ, ನನ್ನನ್ನು ಮುಂದೆ ಕೂರಿಸಿಕೊಂಡು ಹೋಗಿದ್ದ. "ನೀನು ಮೇಜಿನ ಮುಂದೆ ಕೂತ್ಕೊಳ್ಳೋ ಕೆಲಸಕ್ಕೇ ಹೋಗಬೇಕಪ್ಪ. ನಿಂತು ಮಾಡೋ ಕೆಲಸ ನನ್ನ ಕಾಲಕ್ಕೇ ಮುಗೀಲಿ" ಅನ್ನುತ್ತಿದ್ದ.

ಉತ್ತರ ಬರೆಯುವಾಗ ಭಾವನ ಕೆಮ್ಮು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಧೂಳಲ್ಲಿ ಕೆಲಸ ಮಾಡುವವರಿಗೆ ಕೆಮ್ಮು ಬರದೆ ಇನ್ನೇನು ಎಂದುಕೊಂಡು ಮುಂದಿನ ಫೈಲು ಎತ್ತಿಕೊಂಡೆ.

ಐದು ತಿಂಗಳು ಕಳೆಯಿತು. ಭಾವ ಬಾಗಿಲಿನಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುವಂತಾದ. ಕಾರ್ಮಿಕರಿಗೆಂದೇ ಸರ್ಕಾರದ ಶ್ವಾಸಕೋಶದ ಆಸ್ಪತ್ರೆಯೊಂದಿದೆ. ಅಲ್ಲಿ ಸೇರಿಸಿಕೊಳ್ಳಬೇಕಾದರೆ ಕಾಯಿಲೆ ಧೂಳಿನಿಂದಲೇ ಬಂದದ್ದೆಂದು ಇಲಾಖೆ ಒಪ್ಪಬೇಕು. ಅಕ್ಕ ಅರ್ಜಿ ಹಾಕಿದ್ದಳು, ನನಗೆ ಹೇಳಿರಲಿಲ್ಲ. ತಮ್ಮನ ಹೆಸರು ಹೇಳಿ ಕೆಲಸ ಮಾಡಿಸಿಕೊಂಡರೆ ತಮ್ಮನಿಗೇ ಕೆಟ್ಟ ಹೆಸರು ಎಂಬುದು ಅವಳ ಲೆಕ್ಕ. ಉತ್ತರ ಬಂದ ದಿನ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು.

"ಇದೇನು ಭಾಷೆನೋ, ಆಸ್ಪತ್ರೆಗೆ ಬನ್ನಿ ಅಂದಿದ್ದಾರೋ ಬೇಡ ಅಂದಿದ್ದಾರೋ ಒಂದೂ ತಿಳೀತಿಲ್ಲ. ನೀನೇ ಓದಿ ಹೇಳು."

ಓದಿದೆ. 'ಸದನಕ್ಕೆ ನೀಡಿರುವ ಉತ್ತರದಂತೆ ಸದರಿ ಪ್ರದೇಶದಲ್ಲಿ ಧೂಳಿನ ಕಾಯಿಲೆಯ ಯಾವ ಪ್ರಕರಣವೂ ಪತ್ತೆಯಾಗಿರುವುದಿಲ್ಲ. ಆದಕಾರಣ ತಮ್ಮ ಪತಿಯವರನ್ನು ಪರಿಗಣಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.'

ನನ್ನ ವಾಕ್ಯ. ಒಂದಕ್ಷರ ಆಚೀಚೆ ಇಲ್ಲ.

"ಏನು ಬರೆದಿದ್ದಾರೋ?"

"ಏನಿಲ್ಲಕ್ಕ. ಯಾರೋ ಗುಮಾಸ್ತ ಸರಿಯಾಗಿ ನೋಡದೆ ಬರೆದಿದ್ದಾನೆ. ನಾನು ನೋಡ್ತೀನಿ."

"ಪಾಪ, ಬೈಬೇಡ ಅವನನ್ನ. ಕೆಲಸ ಜಾಸ್ತಿ ಇರುತ್ತೆ ಅವರಿಗೂ" ಅಂದಳು ಅಕ್ಕ.

ಮರುದಿನ ಸಾಹೇಬರ ಮುಂದೆ ನಿಂತು, ಆ ಉತ್ತರವನ್ನು ತಿದ್ದಬೇಕು ಎಂದೆ. ಅವರು ಬಾಗಿಲು ಹಾಕಿಕೊಂಡು ಬಂದರು. ಸದನದಲ್ಲಿ ಓದಿದ್ದನ್ನು ತಿದ್ದಬೇಕಾದರೆ ಮಂತ್ರಿಗಳೇ ಎದ್ದು ತಪ್ಪಾಯಿತು ಅನ್ನಬೇಕು. ತಪ್ಪಾಗಿಸಿದವರು ಯಾರು ಎಂದು ಅವರು ಕೇಳದೆ ಬಿಡುತ್ತಾರೆಯೇ? "ಬಡ್ತಿಗೆ ನಿಮಗೆ ಎಂಟು ತಿಂಗಳಿದೆ. ಅಷ್ಟಕ್ಕೂ ಅದರಲ್ಲಿ ಸುಳ್ಳೇನಿದೆ ಹೇಳಿ?" ಅಂದರು. ಸುಳ್ಳೇನೂ ಇರಲಿಲ್ಲ.

ಆಸ್ಪತ್ರೆಗೆ ನಾನೇ ಎರಡು ಸಲ ಹೋಗಿ ಬಂದೆ. ಅಲ್ಲಿಯ ಗುಮಾಸ್ತನೂ ನನ್ನ ಹಾಗೇ ಕೆಲಸ ಬಲ್ಲವನು. ನನ್ನದೇ ಉತ್ತರದ ಪ್ರತಿಯನ್ನು ನನಗೇ ತೋರಿಸಿ ಕಳಿಸಿದ. ಕೊನೆಗೆ ಒಂದು ಭಾನುವಾರ, ಭಾವ ಕೊಡಿಸಿದ್ದ ಟೈಪ್‌ರೈಟರನ್ನು ಅಟ್ಟದಿಂದ ಇಳಿಸಿ, ಒಂದು ಪ್ರಶ್ನೆ ಬರೆದೆ. (ಅ) ಸದರಿ ಕಾರ್ಖಾನೆಗಳಲ್ಲಿ ಮೂರು ವರ್ಷಗಳಲ್ಲಿ ಎಷ್ಟು ಜನರ ಎದೆಯ ಪರೀಕ್ಷೆ ನಡೆಸಲಾಗಿದೆ? (ಆ) ಪರೀಕ್ಷಾ ವಾಹನ ಯಾವ ದಿನಾಂಕದಿಂದ ಎಲ್ಲಿ ನಿಂತಿದೆ? ತಪ್ಪಿಸಿಕೊಳ್ಳಲು ಒಂದು ಸಂದೂ ಬಿಡಲಿಲ್ಲ. ನಾನೇ ಉತ್ತರಿಸಲು ಕೂತರೂ ನಿಜ ಹೇಳದೆ ವಿಧಿಯಿರಲಿಲ್ಲ. ಅದನ್ನು ಲಕೋಟೆಗೆ ಹಾಕಿ, ಸದಸ್ಯರ ವಸತಿಗೃಹಕ್ಕೆ ಹೋಗಿ, ಟೀಚರಮ್ಮನ ಕೋಣೆಯ ಬಾಗಿಲ ಸಂದಿನಿಂದ ಒಳಗೆ ತಳ್ಳಿದೆ. ಒಳಗಿನಿಂದ ರೇಡಿಯೊ ಕೇಳಿಸುತ್ತಿತ್ತು. ಬಾಗಿಲು ಬಡಿದಿದ್ದರೆ ಬಂದು ತೆರೆಯುತ್ತಿದ್ದರು. ಬಡಿಯಲಿಲ್ಲ. ಹಾಳೆಯ ಕೆಳಗೆ ಹೆಸರೂ ಬರೆದಿರಲಿಲ್ಲ. ಎಂಟು ತಿಂಗಳು, ಬಡ್ತಿ, ಎಲ್ಲ ತಲೆಯಲ್ಲಿತ್ತು.

ಅಧಿವೇಶನ ಶುರುವಾಯಿತು. ಬರುವ ಪ್ರಶ್ನೆಗಳ ಕಟ್ಟನ್ನು ದಿನವೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಟೀಚರಮ್ಮನ ಹೆಸರಿನಲ್ಲಿ ಹನ್ನೊಂದು ಪ್ರಶ್ನೆಗಳು ಬಂದವು. ನನ್ನದು ಬರಲಿಲ್ಲ. ಅಧಿವೇಶನ ಮುಗಿದ ಹತ್ತನೇ ದಿನ ಭಾವ ಹೋಗಿಬಿಟ್ಟ. ಬೆಳಿಗ್ಗೆ ಕುರ್ಚಿಯ ಮೇಲೆ ಕೂತಿದ್ದವನು, ನಾನು ಬಂದದ್ದನ್ನು ನೋಡಿ, "ಬಾರಪ್ಪ, ದೊಡ್ಡ ಸಾಹೇಬ್ರು ಕೂತ್ಕೊಳ್ಳಿ" ಎಂದು ತಮಾಷೆ ಮಾಡಿದ. ನಾನು ಕೂತೆ. ಅವನಿಗೆ ಮತ್ತೆ ಮಾತಾಡಲು ಉಸಿರು ಸಾಲಲಿಲ್ಲ.

ಒಂದು ವಾರದ ನಂತರ ಟೀಚರಮ್ಮ ಅಕ್ಕನ ಮನೆಗೆ ಮಾತಾಡಿಸಲು ಬಂದರು. ಅಕ್ಕ ನನ್ನನ್ನು ತೋರಿಸಿ, "ನನ್ನ ತಮ್ಮ. ಮಂತ್ರಿಗಳ ಕಚೇರೀಲಿ ಬರೆಯೋ ಕೆಲಸ" ಎಂದಳು. ಆಗಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ನೋಡಿದ್ದೀನಿ ಇವರನ್ನ" ಅಂದರು ಟೀಚರಮ್ಮ. ಆಮೇಲೆ ಅಕ್ಕನಿಗೆ ಹೇಳಿದರು: "ಎರಡು ತಿಂಗಳ ಹಿಂದೆ ನನ್ನ ಕೋಣೆಗೆ ಯಾರೋ ಒಂದು ಪ್ರಶ್ನೆ ಹಾಕಿ ಹೋಗಿದ್ರು. ಅಂಥ ಪ್ರಶ್ನೆ ನಾನು ಜನ್ಮದಲ್ಲಿ ಬರೆದಿಲ್ಲ. ಆದ್ರೆ ಹೆಸರಿರಲಿಲ್ಲ. ಹೆಸರಿಲ್ಲದ ಹಾಳೇನ ನಾನು ತಿದ್ದೋದಿಲ್ಲ, ಮೂವತ್ತು ವರ್ಷದ ಅಭ್ಯಾಸ. ಯಾರಾದರೂ ನನ್ನನ್ನ ಸಿಕ್ಕಿಸೋಕೆ ಹಾಕಿದ್ರೆ ಅಂತ ಡ್ರಾಯರಿಗೆ ಹಾಕ್ಬಿಟ್ಟೆ. ಸದನದಲ್ಲಿ ಕೇಳಿಬಿಟ್ಟಿದ್ರೆ ನಿಮ್ಮ ಯಜಮಾನರು ಆಸ್ಪತ್ರೆಗಾದರೂ ಸೇರ್ತಿದ್ರೇನೋ." ಅವರ ಕಣ್ಣು ತುಂಬಿತ್ತು. ನನ್ನ ಮುಖವನ್ನೇ ನೋಡಿ ಕೇಳಿದರು: "ಅದನ್ನ ಬರೆದವರು ಯಾರು ಅಂತ ನಿಮಗೇನಾದರೂ ಗೊತ್ತಾ?"

ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಭ್ಯಾಸಬಲದಿಂದ ಮುಂದಿನದು ಹೊಳೆಯಿತು. (ಅ) ಕ್ಕೆ ಹೌದು ಅಂದರೆ (ಆ) ಉದ್ಭವಿಸುತ್ತದೆ. ಹಾಗಾದರೆ ಆ ಮೊದಲಿನ ಉತ್ತರ ಬರೆದದ್ದು ಯಾರು? ಅಕ್ಕ ಎದುರಿಗೇ ನಿಂತಿದ್ದಳು, ಕೈಯಲ್ಲಿ ನೀರಿನ ಲೋಟ.

"ಗೊತ್ತಿಲ್ಲ ಮೇಡಂ" ಅಂದೆ.

ಟೀಚರಮ್ಮ ತಲೆಯಾಡಿಸಿದರು. ಆಮೇಲೆ ಚೀಲದಿಂದ ಆ ಹಾಳೆಯನ್ನು ತೆಗೆದು, ಅಕ್ಕನ ಕಡೆ ತಿರುಗಿ, "ನೀವು ಹೆಸರು ಹಾಕಿ ಕೊಡ್ತೀರಾ?" ಎಂದು ಕೇಳಿದರು. ಅಕ್ಕ ಲೋಟ ಕೆಳಗಿಟ್ಟು ಪೆನ್ನಿಗೆ ಕೈ ನೀಡಿದಳು. ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುವುದನ್ನು ನಾನು ನಿಂತು ನೋಡಿದೆ. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಮುಂದಿನ ಅಧಿವೇಶನದಲ್ಲಿ ಆ ಪ್ರಶ್ನೆ ನನ್ನ ಮೇಜಿಗೇ ಬಂತು. ಕೆಳಗಿನಿಂದ ಬಂದ ವರದಿಯಲ್ಲಿ ಒಂದಕ್ಷರವನ್ನೂ ಹೊಡೆಯಲಿಲ್ಲ. 'ಯಾರನ್ನೂ ಪರೀಕ್ಷಿಸಿಲ್ಲ. ವಾಹನ ಇಲಾಖೆಯ ಕಟ್ಟಡದ ಹಿಂದೆ ನಿಂತಿದೆ.' ಸಾಹೇಬರು ಕೂಗಾಡಿದರು, ಬೇರೆಯವರಿಂದ ತಿದ್ದಿಸಲು ನೋಡಿದರು. ಆ ಪ್ರಶ್ನೆಯಲ್ಲಿ ತಿದ್ದಲು ಜಾಗವೇ ಇರಲಿಲ್ಲ. ನನ್ನ ಬಡ್ತಿ ನಿಂತುಹೋಯಿತು. ಅದಕ್ಕಾಗಿ ನನ್ನನ್ನು ಹೊಗಳಬೇಡಿ. ಒಂದು ವರ್ಷ ಮೊದಲು ನಿಂತಿದ್ದರೆ ಅದಕ್ಕೆ ಬೆಲೆಯಿರುತ್ತಿತ್ತು.

ವಾಹನಕ್ಕೆ ಚಕ್ರ ಬಂತು. ಪಾರಿವಾಳಗಳನ್ನು ಓಡಿಸಿ, ತೊಳೆದು, ಕಲ್ಲು ಕಾರ್ಖಾನೆಗಳ ಬೀದಿಗೆ ಕಳಿಸಿದರು. ಅದರ ಮುಂದಿನ ಅಧಿವೇಶನಕ್ಕೆ ನಾನು ಬರೆದ ಉತ್ತರ ಹೀಗಿತ್ತು: 'ನಲವತ್ತೊಂದು ಪ್ರಕರಣಗಳು ಪತ್ತೆಯಾಗಿವೆ. ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿಕೊಳ್ಳಲಾಗುತ್ತಿದೆ.' ಪರೀಕ್ಷೆ ಮಾಡಿದವರ ಲೆಕ್ಕ ಮಾತ್ರ ಅದು. ವಾಹನ ಬರುವ ಮೊದಲೇ ಹೋದವರನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ.

ಅದನ್ನು ಸದನದಲ್ಲಿ ಓದಿದ ದಿನ ಸಂಜೆ ಅಕ್ಕನ ಮನೆಗೆ ಹೋದೆ. ರೇಡಿಯೊದಲ್ಲಿ ಸುದ್ದಿ ಕೇಳಿದ್ದಳು. ಭಾವನ ಕುರ್ಚಿ ಇನ್ನೂ ಬಾಗಿಲ ಬಳಿಯೇ ಇತ್ತು. ಅವಳು ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು.

"ನಲವತ್ತೊಂದು ಅಂದ್ರು. ಅಂತೂ ಒಪ್ಕೊಂಡ್ರಲ್ಲ" ಅಂದಳು. "ಅದರಲ್ಲಿ ಇವರೂ ಸೇರಿದ್ದಾರೆ ಅಲ್ವೇನೋ? ಇವರನ್ನೂ ಎಣಿಸಿದ್ದಾರೆ ತಾನೆ?"

ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಸೇರಿದ್ದಾರಕ್ಕ. ನಾನೇ ಬರೆದೆ" ಅಂದೆ.

ಅಕ್ಕ ಸಮಾಧಾನದಿಂದ ಒಳಗೆ ಚಹಾಕ್ಕೆ ನೀರಿಡಲು ಹೋದಳು.