ಕೊಳದ ಬಳಿ ಮಲಗಿದ್ದವನು

ತಂಗಿಯ ದಿಂಬಿನ ಚೀಲ ಕೊಡವಿದಾಗ ಮಾತ್ರೆಗಳು ಉದುರಿ ನೆಲದ ಮೇಲೆಲ್ಲ ಉರುಳಿದವು. ಮೂರ್ಛೆರೋಗಕ್ಕೆಂದು ಅಕ್ಕ ದಿನವೂ ತಂಗಿಯ ಅಂಗೈಗೆ ಹಾಕುತ್ತಿದ್ದ ಮಾತ್ರೆಗಳು. ಅಕ್ಕ ಮೊಣಕಾಲೂರಿ ಒಂದೊಂದನ್ನೇ ಹೆಕ್ಕಿದಳು.

"ಯಾರು ಹೇಳಿದ್ರು ಬಿಡು ಅಂತ? ಆ ಉಪದೇಶಿನಾ?"

"ಯಾರೂ ಹೇಳಿಲ್ಲ," ಎಂದಳು ತಂಗಿ, ತಲೆ ಬಾಚುತ್ತಲೇ.

ಅಕ್ಕ ನಂಬಲಿಲ್ಲ. ಹೊಸ ಉಪದೇಶಿ ಚರ್ಚಿಗೆ ಬಂದಾಗಿನಿಂದ ತಂಗಿ ಸತ್ಯವೇದದ ತರಗತಿ ಒಂದನ್ನೂ ತಪ್ಪಿಸಿರಲಿಲ್ಲ. ಆತನ ನಯವಾದ ಮಾತು ಅಕ್ಕನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ವಿಶ್ವಾಸವಿದ್ದರೆ ಔಷಧಿ ಯಾಕೆ ಎಂದು ಇವಳ ತಲೆ ಕೆಡಿಸಿರಬೇಕು. ಆ ಮಾತನ್ನು ಅವನ ಬಾಯಿಂದಲೇ ಹಿಡಿಯಬೇಕೆಂದು, ಸಂಜೆ ಹೊಲಿಗೆ ಅಂಗಡಿಗೆ ಬೇಗ ಬಾಗಿಲು ಹಾಕಿ, ತಂಗಿಯ ಜೊತೆ ತಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು.

ಉಪದೇಶಿ ಓದಿದ್ದು ಕೊಳದ ಬಳಿ ವರ್ಷಗಟ್ಟಲೆ ಮಲಗಿದ್ದ ರೋಗಿಯ ಭಾಗ. ರೋಗ ವಾಸಿಮಾಡುವ ಆ ನೀರಿಗೆ ಇಳಿಸುವವರಿಲ್ಲದೆ ಬಿದ್ದಿದ್ದವನನ್ನು ಯೇಸು, ನಿನಗೆ ವಾಸಿಯಾಗುವ ಮನಸ್ಸಿದೆಯೇ ಎಂದು ಕೇಳುತ್ತಾನೆ. ಇನ್ನೇನು, ಆ ಮಾತು ಬಂದೇಬಿಟ್ಟಿತು ಎಂದು ಅಕ್ಕ ಕಿವಿ ನಿಮಿರಿಸಿದಳು.

"ಇದೆಂಥ ಪ್ರಶ್ನೆ?" ಉಪದೇಶಿ ಪುಸ್ತಕದಿಂದ ತಲೆಯೆತ್ತಿದ. "ಬೇಡ ಅನ್ನೋ ರೋಗಿ ಇರ್ತಾನಾ? ನಂಗೂ ಇದು ಸರಿಯಾಗಿ ಅರ್ಥ ಆಗಿಲ್ಲ. ನೀವೇ ಹೇಳಿ."

ಮುಂದಿನ ಸಾಲಿನಿಂದ ತಂಗಿಯ ದನಿ ಬಂತು.

"ಇರ್ತಾರೆ. ಬಿದ್ದಿದ್ದಾಗ ಹೋಗೋರು ಬರೋರು ಒಂದು ಗಳಿಗೆ ನಿಲ್ತಿದ್ರು. ಎದ್ದು ನಡೆದ್ರೆ ಯಾರು ನಿಲ್ತಾರೆ?"

ಉಪದೇಶಿ ಅವಳನ್ನೇ ನೋಡಿದ. "ಯೇಸು ಆ ಭಯ ಗೊತ್ತಿದ್ದೇ ಕೇಳಿರಬಹುದು," ಎಂದ ಮೆಲ್ಲಗೆ. "ಆದ್ರೂ ಏಳು ಅಂತಾನೇ ಹೇಳಿದ್ದು."

ತಂಗಿಯ ಆ ಮಾತನ್ನೂ ಇವನೇ ಹೇಳಿಕೊಟ್ಟಿರಬಹುದೇ ಎಂದು ಅಕ್ಕನಿಗೆ ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ, ಈಚೆಗೆ ತನ್ನ ಮದುವೆ ಗೊತ್ತಾದಾಗ ಗಂಡಿನ ಕಡೆಯವರ ಮುಂದೆ ತಾನೇ ಆಡಿದ್ದು ನೆನಪಾಯಿತು: ಇವಳಿಗೀಗ ಫಿಟ್ಸ್ ಬರಲ್ಲ, ನಾನು ಹೋದ್ಮೇಲೆ ಒಬ್ಬಳೇ ಇರ್ತಾಳೆ. ತಂಗಿ ಆಗ ಪಕ್ಕದಲ್ಲೇ ಲೋಟ ಜೋಡಿಸುತ್ತಿದ್ದಳು.

ಮನೆಯ ದಾರಿಯಲ್ಲಿ ಅಕ್ಕ ಕೇಳಿದಳು.

"ಇನ್ಮೇಲೆ ನುಂಗ್ತೀಯಾ?"

"ನುಂಗ್ತೀನಿ."

ಉತ್ತರ ತೀರಾ ಬೇಗ ಬಂತೆನಿಸಿತು ಅಕ್ಕನಿಗೆ. ರಸ್ತೆ ದಾಟಿಸಲು ಎಂದಿನಂತೆ ತೋಳು ಹಿಡಿದಳು. ತಂಗಿ ಕೈ ಬಿಡಿಸಿಕೊಂಡು ಒಬ್ಬಳೇ ದಾಟಿದಳು. ಹಿಂತಿರುಗಿ ನೋಡಲಿಲ್ಲ. ಆದರೆ ಆಚೆ ಬದಿಯ ಮರಗಳ ಕೆಳಗೆ ಅವಳ ನಡಿಗೆ ನಿಧಾನವಾಯಿತು.