ಮೇಡಂ ಹೊಲಿದ ತುಟಿ

ನನ್ನ ತಂಗಿ ಐಶ್ವರ್ಯಳ ಮಗ ಸೀಳುತುಟಿಯೊಂದಿಗೆ ಹುಟ್ಟಿದ. ಸೀಳುತುಟಿ ಹೊಲಿಯುವುದೇ ನನ್ನ ಕಸುಬು. ಆದರೂ ಅವಳು ಯಲಬುರ್ಗಾದಿಂದ ಫೋನ್ ಮಾಡಿ ಮೊದಲು ಕೇಳಿದ್ದು, ನಾರ್ವೆಯ ಮೇಡಂ ಗಂಗಾವತಿಯ ನಮ್ಮ ಆಸ್ಪತ್ರೆಗೆ ಮತ್ತೆ ಯಾವಾಗ ಬರುತ್ತಾರೆ ಎಂದು.

ಆ ಮೇಡಂ, ಡಾಕ್ಟರ್ ಇಂಗ್ರಿಡ್, ಇನ್ನು ಬರುವುದಿಲ್ಲ. ಅವರ ಆಸ್ಪತ್ರೆಗೂ ನಮ್ಮ ಆಸ್ಪತ್ರೆಗೂ ಒಪ್ಪಂದವಾಗಿತ್ತು: ಪ್ರತಿ ಚಳಿಗಾಲ ಬಂದು ನನಗೆ ಈ ಶಸ್ತ್ರಚಿಕಿತ್ಸೆ ಕಲಿಸಬೇಕು, ನಾನು ಕಲಿತ ಮೇಲೆ ಬರುವುದನ್ನು ನಿಲ್ಲಿಸಬೇಕು. ನಾನು ಕಲಿತೆ, ಅವರು ನಿಲ್ಲಿಸಿದರು. ಚೆನ್ನಾಗಿ ಕಲಿತದ್ದಕ್ಕೆ ಸಿಕ್ಕ ಬಹುಮಾನವೆಂದರೆ, ನನ್ನ ಕೆಲಸ ನೋಡಿ ಸರಿ ಎಂದು ತಲೆಯಾಡಿಸುವವರು ಈಗ ಇಲ್ಲಿ ಯಾರೂ ಇಲ್ಲ.

ಕೊನೆಯ ವರ್ಷಗಳಲ್ಲಿ ಅವರು ಸೂಜಿಯನ್ನೇ ಮುಟ್ಟಿರಲಿಲ್ಲ. ನನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಹೊರಗೆ ಕೂತ ತಾಯಂದಿರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ತಂದ ಶೇಂಗಾ ಹೋಳಿಗೆ ಇಂಗ್ರಿಡ್‌ಗೆ, "ಸಿಸ್ಟರ್, ಕುಡಿಯೋ ನೀರು ಎಲ್ಲಿ ಐತ್ರಿ?" ಎಂಬ ಪ್ರಶ್ನೆ ನನಗೆ. ಹೊಲಿದವಳು ಇವಳು ಎಂದು ಇಂಗ್ರಿಡ್ ನನ್ನನ್ನು ತೋರಿಸಿದರೆ, ದೊಡ್ಡವರ ದೊಡ್ಡತನ ಎಂದು ಜನ ಅವರಿಗೇ ಮತ್ತೊಮ್ಮೆ ಕೈಮುಗಿಯುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ನಕ್ಕುಬಿಡುತ್ತಿದ್ದೆ. ಒಡಹುಟ್ಟಿದವಳೂ ಹಾಗೇ ಅಂದಾಗ ನಗು ಬರಲಿಲ್ಲ.

ಮೇಡಂ ಬರದಿದ್ದರೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗುತ್ತೇನೆ ಎಂದಳು. ಜಗಳವಾಡಿದೆ, ಅತ್ತೂಬಿಟ್ಟೆ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು.

"ಮೇಡಂ ಫೋನಿನಾಗ ನೋಡ್ಲಿ, ನೀ ಮಾಡಕ್ಕಾ. ಅವ್ರು ನೋಡಿದ್ರ ನನಗ ಧೈರ್ಯ."

ಇಂಗ್ರಿಡ್ ಒಪ್ಪಿದರು. ಆಪರೇಷನ್ ದಿನ ಥಿಯೇಟರಿನ ಬಾಗಿಲಲ್ಲಿ ಐಶ್ವರ್ಯಳಿಗೆ ಫೋನಿನಲ್ಲಿ ಅವರ ಮುಖ ತೋರಿಸಿದೆ. ಅವಳು ಫೋನಿಗೆ ಕೈಮುಗಿದು ಕೂಸನ್ನು ನನಗೆ ಕೊಟ್ಟಳು. ಅರಿವಳಿಕೆಯಲ್ಲಿ ಕೂಸು ಮಲಗಿತು. ನಾನು ಮೊದಲ ಗೆರೆ ಕೊಯ್ದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನರ್ಸ್ ಮತ್ತೆ ಮತ್ತೆ ಫೋನ್ ಹಚ್ಚಿ ಸೋತರು. ಕೊಯ್ದ ತುಟಿಯನ್ನು ಹಾಗೇ ಬಿಡಲಾಗುತ್ತದೆಯೇ? ಒಬ್ಬಳೇ ಹೊಲಿಯುತ್ತಾ ಹೋದೆ. ಕೊನೆಯ ಹೊಲಿಗೆ ಹಾಕಿ ಅಭ್ಯಾಸಬಲದಿಂದ ಹಿಂದೆ ತಿರುಗಿದೆ. ಇಂಗ್ರಿಡ್ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು.

ಸಂಜೆ ಐಶ್ವರ್ಯ ಮಗನ ತುಟಿ ನೋಡಿ ನೋಡಿ ಖುಷಿಯಿಂದ ಅತ್ತಳು. ಇದು ಪೂರ್ತಿ ನನ್ನದೇ ಕೈ, ಯಾರೂ ನೋಡುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅದೇ ತುಟಿಯಲ್ಲಿ ಈಗಲೇ ತಪ್ಪು ಹುಡುಕಲು ಕೂರುತ್ತಾಳೆ ಎಂದು ಹೊಳೆಯಿತು. ಅದನ್ನು ಮಾತ್ರ ನನ್ನಿಂದ ನೋಡಲಾಗುತ್ತಿರಲಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡಳು. "ಮೇಡಂಗ ಹೇಳಕ್ಕಾ, ಭಾಳ ಛಲೋ ಹೊಲದಾರಂತ."

"ಹೇಳ್ತೀನವಾ," ಅಂದೆ.